ಅನ್ನ ಕಡಿಮೆಯಾದರೆ ತೂಕ ಕಡಿಮೆಯಾಗುವುದು ಹೇಗೆ?

ಕಾರವಾರ, ಅಂಕೋಲೆಗಳಲ್ಲಿ ನೆಲೆಸಿರುವ ನಮ್ಮ ಸದ್ಭಕ್ತರಲ್ಲಿ ಹಲವರು ಉದ್ಯೋಗ ನಿಮಿತ್ತ ಅರಬೈಲ್ ಘಟ್ಟವಿಳಿದು ಬಂದವರು. ಧಾರವಾಡ, ಹಾವೇರಿ, ಗದಗ, ಬೆಳಗಾವಿ ಸೀಮೆಯ ಈ ಕುಟುಂಬಗಳು ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕು, ಕೈಗಾ ಸ್ಥಾವರ ಮುಂತಾದೆಡೆ ದುಡಿಯುತ್ತ ಕರಾವಳಿಯವರೇ ಆಗಿಬಿಟ್ಟಿವೆ. ಊಟವೂ ಕರಾವಳಿಯದಾಗಿದೆ. ಇಲ್ಲಿಯ ತೇವದ ಹವೆಗೆ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ದಿನವೂ ರೊಟ್ಟಿ ಬಡಿಯಲು ಮನೆಯವರಿಗೆ ಪುರುಸೊತ್ತಿಲ್ಲ. ಹೀಗಾಗಿ ಬೆಳಿಗ್ಗೆ ಇಡ್ಲಿ, ದೋಸೆ ಅಥವಾ ಅವಲಕ್ಕಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಎಂಬ ಕ್ರಮ ಬಂದಿದೆ. ಇಂತಹ ಮನೆಗಳಿಂದಲೇ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಅನ್ನವನ್ನು ಪೂರ್ಣ ಬಿಟ್ಟರೆ ತೂಕ ಇಳಿಯುತ್ತದೆಯಂತೆ, ನಿಜವೇ? ಬಿಡುವುದು ಕ್ಷೇಮವೇ?

ತೂಕ ಇಳಿಯುವುದು ನಿಜ. ಆದರೆ ಅದು ಏಕೆ ಇಳಿಯುತ್ತದೆ ಎಂಬುದನ್ನು ತಿಳಿಯದೆ ಹೊರಟವರು ಒಂದೋ ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಕೈಬಿಡುತ್ತಾರೆ, ಇಲ್ಲವೇ ಆಪತ್ತಿಗೆ ಗುರಿಯಾಗುತ್ತಾರೆ. ಆದ್ದರಿಂದ ಒಳಗಿನ ಕ್ರಿಯೆಯನ್ನು ಮೊದಲು ನೋಡೋಣ.

ಉಂಡ ಅನ್ನ ಎಲ್ಲಿಗೆ ಹೋಗುತ್ತದೆ

ಅಕ್ಕಿ, ಜೋಳ, ಗೋಧಿ, ಗೆಣಸು, ಸಕ್ಕರೆ ಇವುಗಳಲ್ಲಿ ಪ್ರಧಾನವಾಗಿರುವ ಸತ್ವಕ್ಕೆ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಕನ್ನಡದಲ್ಲಿ ಪಿಷ್ಟ ಎಂದರೆ ನಮ್ಮ ಸದ್ಯದ ಕೆಲಸಕ್ಕೆ ಸಾಕು. ಬಾಯಿಯಲ್ಲಿ ಜೊಲ್ಲಿನೊಡನೆ ಬೆರೆತಾಗಿನಿಂದಲೇ ಪಿಷ್ಟ ಒಡೆಯತೊಡಗಿ, ಕರುಳಿನಲ್ಲಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ಇನ್ಸುಲಿನ್ ಉಗ್ರಾಣಿಯಿದ್ದಂತೆ: ಬಂದ ಸಕ್ಕರೆಯನ್ನು ಸ್ನಾಯುಗಳಿಗೂ ಯಕೃತ್ತಿಗೂ ಹಂಚುತ್ತದೆ, ಮಿಕ್ಕಿದ್ದನ್ನು ಕೂಡಿಡಿಸುತ್ತದೆ, ಹಾಗೆ ಕೂಡಿಡುವ ಹೊತ್ತಿನಲ್ಲಿ ಕೊಬ್ಬಿನ ಕಣಜದ ಬಾಗಿಲನ್ನು ಮುಚ್ಚಿರುತ್ತದೆ. ಉಂಡದ್ದು ಕರಗಿ ಇನ್ಸುಲಿನ್ ತಗ್ಗಿದ ಮೇಲೆ ಆ ಬಾಗಿಲು ತೆರೆದು, ಕೊಬ್ಬು ಹೊರಬಂದು ಉರುವಲಾಗುತ್ತದೆ. ಆರೋಗ್ಯವಂತರಲ್ಲಿ ರಾತ್ರಿ ಮಲಗಿದಾಗ ನಡೆಯುವುದು ಇದೇ.

ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಸಕ್ಕರೆ ಗ್ಲೈಕೊಜನ್ ರೂಪದಲ್ಲಿ ಶೇಖರವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೊಜನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅನ್ನ, ರೊಟ್ಟಿ, ಸಕ್ಕರೆಗಳನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಮೊದಲು ಖರ್ಚಾಗುವುದು ಈ ದಾಸ್ತಾನು. ಅದು ಕರಗಿದಂತೆ ಅದರ ನೀರೂ ಹೊರಟುಹೋಗುತ್ತದೆ. ಇನ್ಸುಲಿನ್ ತಗ್ಗಿದಾಗ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚಾಗಿ ಹೊರಹಾಕುವುದರಿಂದ ಇನ್ನಷ್ಟು ನೀರು ಇಳಿಯುತ್ತದೆ. ಮೊದಲ ವಾರದಲ್ಲಿ ಎರಡು ಕಿಲೊ ಇಳಿದೆ ಎಂದು ಹಿಗ್ಗುವವರ ತಕ್ಕಡಿ ತೋರಿಸುವುದು ಬಹುಮಟ್ಟಿಗೆ ನೀರಿನ ಲೆಕ್ಕವನ್ನು. ಮದುವೆಮನೆಯಲ್ಲಿ ಎರಡು ದಿನ ಉಂಡರೆ ಅದರಲ್ಲಿ ಬಹಳಷ್ಟು ಮರಳಿ ಬರುವುದೂ ಇದೇ ಕಾರಣಕ್ಕೆ. ಅದನ್ನು ಕಂಡು ಎದೆಗುಂದಬೇಕಾಗಿಲ್ಲ. ಆ ಎರಡು ಕಿಲೊ ಕೊಬ್ಬೂ ಅಲ್ಲ, ಅದರ ಮರಳುವಿಕೆ ಸೋಲೂ ಅಲ್ಲ.

ಉಪ್ಪಿನ ಮಾತು ಬಂದದ್ದರಿಂದ ಇಲ್ಲಿಯೇ ಒಂದನ್ನು ಹೇಳಬೇಕು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯ ನೆಲದಲ್ಲಿ ಉಪ್ಪಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅನ್ನ ನಿಲ್ಲಿಸಿದ ಮೂರನೆಯ ನಾಲ್ಕನೆಯ ದಿನ ತಲೆಸುತ್ತು, ತಲೆನೋವು, ಕೈಕಾಲು ಸೋಲು ಬಂದಾಗ ಅದು ಉಪ್ಪು ನೀರುಗಳ ಕೊರತೆಯಿಂದ ಇರಬಹುದೆಂದು ಹೊಳೆಯುವುದು ಕಡಿಮೆ. ಕರಾವಳಿಯ ಸೆಕೆಯಲ್ಲಿ ಬೆವರೂ ಬಹಳ. ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುವವರಿಗೆ ಒತ್ತಡ ಅತಿಯಾಗಿ ಇಳಿದು ಬಿದ್ದುಬಿಡುವ ಸಂಭವವಿರುವುದರಿಂದ ಅವರು ತಾವಾಗಿಯೇ ಉಪ್ಪು ಹೆಚ್ಚಿಸದೆ, ಗುಳಿಗೆಯನ್ನೂ ಬಿಡದೆ, ವೈದ್ಯರನ್ನು ಕಾಣಬೇಕು.

ಸಕ್ಕರೆಯ ದಾಸ್ತಾನು ಬರಿದಾದ ಮೇಲೆ ಶರೀರ ಕೊಬ್ಬನ್ನು ಹೆಚ್ಚಾಗಿ ಉರಿಸತೊಡಗುತ್ತದೆ. ದಿನಕ್ಕೆ 50 ಗ್ರಾಂಗಿಂತ ಕಡಿಮೆ ಪಿಷ್ಟ ಸೇವಿಸುವವರಲ್ಲಿ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಮಿದುಳು ಸಹ ಅವನ್ನು ಬಳಸಿಕೊಳ್ಳಬಲ್ಲದು. ಕೀಟೋ ಪಥ್ಯವೆಂದು ಹೆಸರಾದದ್ದು ಇದೇ. ಕೊಬ್ಬು ಉರಿಯುತ್ತದೆ ಎಂದೊಡನೆ ಮೈಯ ಕೊಬ್ಬು ಕರಗುತ್ತದೆ ಎಂದು ತಿಳಿಯುವುದು ಸಹಜವಾದರೂ ಸರಿಯಲ್ಲ. ಅನ್ನ ಬಿಟ್ಟು ಅದರ ಬದಲಿಗೆ ತುಪ್ಪ, ಕೊಬ್ಬರಿ, ಎಣ್ಣೆಗಳನ್ನು ಧಾರಾಳವಾಗಿ ಉಂಡವನಲ್ಲಿ ಉರಿಯುವುದು ಆಗತಾನೇ ಉಂಡ ಕೊಬ್ಬು. ಮೈಯೊಳಗಿನ ಕಣಜಕ್ಕೆ ಕೈಹಾಕಬೇಕಾದರೆ ಒಳಬರುವುದಕ್ಕಿಂತ ಖರ್ಚು ಹೆಚ್ಚಿರಬೇಕು. ಆ ನಿಯಮಕ್ಕೆ ಅನ್ನ ಬಿಟ್ಟವರೂ ಹೊರತಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸುತ್ತದೆ. ಸ್ಥೂಲಕಾಯದ 19 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಒಂದು ಸರದಿಯಲ್ಲಿ ಪಿಷ್ಟವನ್ನೂ ಇನ್ನೊಂದು ಸರದಿಯಲ್ಲಿ ಅಷ್ಟೇ ಕ್ಯಾಲರಿಯ ಕೊಬ್ಬನ್ನೂ ಆರಾರು ದಿನ ತಗ್ಗಿಸಿ ನೋಡಿದರು. ಇನ್ಸುಲಿನ್ ಇಳಿದದ್ದು ಪಿಷ್ಟ ತಗ್ಗಿಸಿದಾಗಲೇ. ಆದರೆ ಮೈಯ ಕೊಬ್ಬು ದಿನಕ್ಕೆ ಸುಮಾರು 53 ಗ್ರಾಂ ಮಾತ್ರ ಕರಗಿತು. ಕೊಬ್ಬು ತಗ್ಗಿಸಿದ ಸರದಿಯಲ್ಲಿ ಸುಮಾರು 89 ಗ್ರಾಂ ಕರಗಿತ್ತು. ಆರು ದಿನದ ಪ್ರಯೋಗದಿಂದ ಜೀವಮಾನದ ತೀರ್ಮಾನ ಸಲ್ಲದು, ನಿಜ. ಆದರೂ ಇನ್ಸುಲಿನ್ ಇಳಿಸಿದರೆ ಸಾಕು, ಎಷ್ಟು ಉಂಡರೂ ಕೊಬ್ಬು ಕರಗುತ್ತದೆ ಎಂಬ ಪ್ರಚಾರಕ್ಕೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಅನ್ನ ಬಿಟ್ಟ ನೆರೆಯವರು ಇಳಿದದ್ದು ಹೇಗೆ? ಅವರಿಗೆ ಅರಿವಿಲ್ಲದೆಯೇ ಊಟದ ಮೊತ್ತ ಇಳಿದದ್ದರಿಂದ. ಅನ್ನ ಹೋದರೆ ಅದನ್ನು ಜಾರಿಸುವ ಎರಡನೆಯ ಸಲದ ಸಾರೂ, ಕೊನೆಯ ಮಜ್ಜಿಗೆಯನ್ನವೂ, ಹಪ್ಪಳವೂ ಹೋಗುತ್ತವೆ. ಸಕ್ಕರೆ ಹೋದರೆ ಚಹಾದ ಜೊತೆಯ ಬಿಸ್ಕತ್ತು, ಟೋಸ್ಟುಗಳೂ ತಾವಾಗಿ ಸರಿಯುತ್ತವೆ. ಅವುಗಳ ಜಾಗಕ್ಕೆ ಬಂದ ಕಾಳು, ಮೊಸರು, ಪನೀರುಗಳಲ್ಲಿರುವ ಪ್ರೋಟೀನು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತಿರಿಸುತ್ತದೆ. ಕೀಟೋನ್ ಉಂಟಾದವರಲ್ಲಿ ಹಸಿವೂ ಸ್ವಲ್ಪ ಮಂದವಾಗುತ್ತದೆ. ಹಸಿವೆಯನ್ನು ಹಲ್ಲುಕಚ್ಚಿ ತಡೆಯಬೇಕಾದ ಕಷ್ಟವಿಲ್ಲದೆ ಕಡಿಮೆ ಉಣ್ಣುವುದು ಸಾಧ್ಯವಾಗುತ್ತದೆ. ಈ ಪಥ್ಯದ ನಿಜವಾದ ಬಲ ಇರುವುದು ಇಲ್ಲಿಯೇ, ಅದು ಸಣ್ಣ ಬಲವೇನಲ್ಲ.

ಈ ಮಾರ್ಗವೇನೂ ಹೊಸದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬುವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರುಗಳನ್ನು ತೊರೆದು ಸುಮಾರು 20 ಕಿಲೊ ಇಳಿದ ಬಗೆಯನ್ನು 1863ರಲ್ಲಿಯೇ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದ್ದರು. ಆಗ ಇನ್ಸುಲಿನ್ನಿನ ಹೆಸರೇ ಜಗತ್ತಿಗೆ ತಿಳಿದಿರಲಿಲ್ಲ. ದೀರ್ಘಕಾಲದ ಫಲವೇನು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವನ್ನು ನೋಡಬಹುದು. 609 ಜನರಲ್ಲಿ ಅರ್ಧದಷ್ಟು ಮಂದಿ ಪಿಷ್ಟವನ್ನೂ, ಉಳಿದವರು ಕೊಬ್ಬನ್ನೂ ಒಂದು ವರ್ಷ ತಗ್ಗಿಸಿದರು. ಇಬ್ಬರಿಗೂ ತರಕಾರಿ ಹೆಚ್ಚಿಸಿ ಸಕ್ಕರೆ, ಮೈದಾಗಳನ್ನು ಬಿಡಲು ಹೇಳಲಾಗಿತ್ತು. ವರ್ಷಾಂತ್ಯಕ್ಕೆ ಪಿಷ್ಟ ತಗ್ಗಿಸಿದವರು ಸರಾಸರಿ 6.0 ಕಿಲೊ, ಕೊಬ್ಬು ತಗ್ಗಿಸಿದವರು 5.3 ಕಿಲೊ ಇಳಿದಿದ್ದರು. ಅಂತರ ಗಣನೀಯವಲ್ಲ. ಆದರೆ ಒಂದೊಂದು ಗುಂಪಿನ ಒಳಗೇ 20 ಕಿಲೊಗೂ ಮೀರಿ ಇಳಿದವರಿದ್ದರು, ಇಳಿಯುವ ಬದಲು ಏರಿದವರೂ ಇದ್ದರು. ಯಾವ ಪಥ್ಯ ಎಂಬುದಕ್ಕಿಂತ ಯಾರು ಅದನ್ನು ವರ್ಷವಿಡೀ ನಡೆಸಿಕೊಂಡು ಹೋಗಬಲ್ಲರು ಎಂಬುದೇ ಹೆಚ್ಚಿನದು ಎಂದು ನಾವು ಇದರಿಂದ ತಿಳಿಯುತ್ತೇವೆ.

ಘಟ್ಟವಿಳಿದಾಗ ಕಳೆದುಹೋದದ್ದು

ಕೆಲವರು, ಮರಳಿ ಜೋಳದ ರೊಟ್ಟಿಗೆ ಹೋದರಾಯಿತು, ಅಥವಾ ನವಣೆ ಸಾವೆ ಉಂಡರಾಯಿತು, ಅವುಗಳಲ್ಲಿ ಪಿಷ್ಟವಿಲ್ಲ ಎನ್ನುತ್ತಾರೆ. ಇದು ಒಪ್ಪತಕ್ಕ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಕುಚಲಕ್ಕಿಯಲ್ಲಿ 77 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಜೋಳದಲ್ಲಿ 68 ಗ್ರಾಂ, ರಾಗಿಯಲ್ಲಿ 67 ಗ್ರಾಂ ಇದೆ. ಜೋಳದಲ್ಲಿ ನಾರು 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಅದು ಜೋಳದ ಹೆಚ್ಚುಗಾರಿಕೆ, ಸಕ್ಕರೆ ನಿಧಾನವಾಗಿ ಏರಲು ಅದು ನೆರವಾಗುತ್ತದೆ. ಆದರೂ ಐದು ರೊಟ್ಟಿ ಐದು ರೊಟ್ಟಿಯೇ.

ನಮ್ಮ ಅಭಿಪ್ರಾಯದಲ್ಲಿ ಘಟ್ಟವಿಳಿದಾಗ ಆದ ನಿಜವಾದ ನಷ್ಟ ರೊಟ್ಟಿಯದಲ್ಲ, ರೊಟ್ಟಿಯ ಸುತ್ತ ಇದ್ದುದರದು. ಅಲ್ಲಿ ರೊಟ್ಟಿಯೊಡನೆ ಝುಣಕ, ಮಡಿಕೆಕಾಳಿನ ಪಲ್ಯ, ಹೆಸರುಕಾಳಿನ ಉಸುಳಿ, ಶೇಂಗಾ ಚಟ್ನಿ, ಅಗಸಿ ಮತ್ತು ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ಗಂಗಾಳ ತುಂಬ ಇರುತ್ತಿದ್ದವು. ಅನ್ನಕ್ಕೆ ಅಷ್ಟೊಂದು ಬೇಡ; ತಿಳಿಸಾರೊಂದಿದ್ದರೆ ಅದು ತಾನಾಗಿ ಇಳಿಯುತ್ತದೆ. ಕರಾವಳಿಯ ನೆರೆಯವರಲ್ಲಿ ಹಲವರು ಅನ್ನದೊಡನೆ ಮೀನು ಉಣ್ಣುವುದರಿಂದ ಅವರ ಊಟಕ್ಕೆ ಪ್ರೋಟೀನು ಒದಗುತ್ತದೆ. ಶಾಕಾಹಾರಿಗಳಾದ ನಾವು ಅವರ ಅನ್ನವನ್ನು ಸ್ವೀಕರಿಸಿ ಮೀನನ್ನು ಬಿಟ್ಟೆವು. ಆ ತೆರವಿಗೆ ನಮ್ಮ ಕಾಳುಗಳನ್ನು ತರಲಿಲ್ಲ. ಉಳಿದದ್ದು ಪಿಷ್ಟವೊಂದೇ.

ಲೆಕ್ಕ ಹಾಕಿ ನೋಡಬಹುದು. 60 ಕಿಲೊ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. 300 ಗ್ರಾಂ ಅಕ್ಕಿಯಿಂದ 24 ಗ್ರಾಂ, ಸಾರಿಗೆ ಹಾಕಿದ 30 ಗ್ರಾಂ ತೊಗರಿಬೇಳೆಯಿಂದ 6 ಗ್ರಾಂ ಚಿಲ್ಲರೆ, ಒಂದು ಲೋಟ ಹಾಲಿನಿಂದ ಮತ್ತೆ ಅಷ್ಟೇ. ಒಟ್ಟು 37 ಗ್ರಾಂ ಆಸುಪಾಸು. ಅದೇ ಅಕ್ಕಿ ಸಾವಿರಕ್ಕೂ ಮಿಗಿಲಾದ ಕ್ಯಾಲರಿಗಳನ್ನು ತಂದಿರುತ್ತದೆ. ಇದು ನಮ್ಮೊಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೇಶವ್ಯಾಪಿ ಸಮೀಕ್ಷೆಯಂತೆ ಭಾರತೀಯರ ಕ್ಯಾಲರಿಗಳಲ್ಲಿ ಸುಮಾರು ಶೇ. 62 ಭಾಗ ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. 2023ರಲ್ಲಿ ಪ್ರಕಟವಾದ ಅದೇ ಸಮೀಕ್ಷೆಯ ಇನ್ನೊಂದು ಭಾಗ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ ಎಂದಿತು. ಹೊಟ್ಟೆಯ ಬೊಜ್ಜು ಇರುವವರು ಶೇ. 39.5. ಧಾನ್ಯಗಳಿಂದ ಬರುವ ಕ್ಯಾಲರಿ ಶೇ. 45ನ್ನು ಮೀರಬಾರದೆಂದು 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳುತ್ತದೆ.

ಗಜನಿ ಗದ್ದೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ದುಡಿದವರು ಮೂರು ಹೊತ್ತು ಗಂಜಿ ಉಂಡೂ ತೆಳ್ಳಗೇ ಇದ್ದರಲ್ಲ ಎಂದು ಹಿರಿಯರು ಕೇಳುವುದುಂಟು. ಅವರ ಸ್ನಾಯುಗಳು ಸಂಜೆಯೊಳಗೆ ಆ ದಾಸ್ತಾನನ್ನು ಖಾಲಿ ಮಾಡುತ್ತಿದ್ದವು. ಕುರ್ಚಿಯಲ್ಲಿ ಕುಳಿತವರ ದಾಸ್ತಾನು ಖಾಲಿಯಾಗುವುದೇ ಇಲ್ಲ. ತುಂಬಿದ ಕಣಜಕ್ಕೆ ಮತ್ತೆ ತುಂಬಿದರೆ ಅದು ಕೊಬ್ಬಾಗದೆ ಗತ್ಯಂತರವಿಲ್ಲ.

ಶಾಕಾಹಾರಿಗಳಿಗೆ ಕಟ್ಟುನಿಟ್ಟಾದ ಕೀಟೋ ಪಥ್ಯ ಹೊಂದುವುದು ಕಷ್ಟ. ನಮಗೆ ಪ್ರೋಟೀನು ಕೊಡುವ ಬೇಳೆಕಾಳುಗಳಲ್ಲಿಯೂ ಪಿಷ್ಟವಿದೆ. ತೊಗರಿಬೇಳೆಯಲ್ಲಿ ಅರ್ಧಕ್ಕೂ ಹೆಚ್ಚು ಅದೇ. 50 ಗ್ರಾಂಗಳ ಮಿತಿಯೊಳಗೆ ಇರಬೇಕಾದರೆ ಕಾಳನ್ನೂ ಬಿಡಬೇಕಾಗುತ್ತದೆ, ಕೊನೆಗೆ ಬೆಣ್ಣೆ, ಪನೀರು, ತೆಂಗಿನೆಣ್ಣೆಗಳಿಗೇ ಜೋತುಬೀಳಬೇಕಾಗುತ್ತದೆ. ಹಾಗೆ ಮಾಡಿದ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಬಹಳ ಏರುತ್ತದೆ. ಆದ್ದರಿಂದ ನಾವು ಸೂಚಿಸುವುದು ಅನ್ನವನ್ನು ಬಹಿಷ್ಕರಿಸುವುದನ್ನಲ್ಲ, ಅರ್ಧಮಾಡುವುದನ್ನು. 300 ಗ್ರಾಂ ಅಕ್ಕಿ ಉಣ್ಣುವವರು 150ಕ್ಕೆ ಇಳಿಸಿದರೆ ಸುಮಾರು 530 ಕ್ಯಾಲರಿ ತಗ್ಗುತ್ತದೆ. ಅದರ ಜಾಗದಲ್ಲಿ 50 ಗ್ರಾಂ ಹೆಸರುಕಾಳು ಅಥವಾ ಹುರುಳಿ, ಒಂದು ಬಟ್ಟಲು ಮೊಸರು, ಎರಡು ಪಾಲು ಪಲ್ಯ ಬಂದರೂ ದಿನಕ್ಕೆ 200ರಿಂದ 250 ಕ್ಯಾಲರಿ ಉಳಿತಾಯ. ದಿನಕ್ಕೆ ಐದು ಚಹಾ ಕುಡಿಯುವವರು ಎರಡೆರಡು ಚಮಚ ಸಕ್ಕರೆ ಬಿಟ್ಟರೆ ಇನ್ನೊಂದು 200. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿಗಳ ಕೊರತೆ ಬೇಕು. ಅಂದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆ ಕಿಲೊ ಇಳಿಯುವುದನ್ನು ನಿರೀಕ್ಷಿಸಬಹುದು. ಮುಂದೆ ಶರೀರ ಹಗುರವಾದಂತೆ ಅದರ ಖರ್ಚೂ ತಗ್ಗುವುದರಿಂದ ಇಳಿಕೆ ನಿಧಾನವಾಗುತ್ತದೆ.

ಬೇಕಾದ ಪದಾರ್ಥಗಳು ನಮ್ಮ ಬಾಗಿಲಲ್ಲಿಯೇ ಇವೆ. ಹಾಲಕ್ಕಿ ಒಕ್ಕಲಗಿತ್ತಿಯರು ಬುಟ್ಟಿಯಲ್ಲಿ ತರುವ ಹರಿವೆ, ಬಸಳೆ, ಹಾಗಲ, ಪಡವಲ, ಬೆಂಡೆ, ಬದನೆಗಳು ಕಾರವಾರದ ರವಿವಾರದ ಸಂತೆಯಲ್ಲಿ ರಾಶಿಬಿದ್ದಿರುತ್ತವೆ. ಅಂಕೋಲೆಯ ಕಡೆ ಭತ್ತದ ನಂತರ ಶೇಂಗಾ ಬೆಳೆಯುವವರಿದ್ದಾರೆ. 100 ಗ್ರಾಂ ಶೇಂಗಾದಲ್ಲಿ 23 ಗ್ರಾಂ ಪ್ರೋಟೀನಿದೆ. ಆದರೆ 40 ಗ್ರಾಂ ಎಣ್ಣೆಯೂ ಇರುವುದರಿಂದ ಒಂದು ಹಿಡಿ ಸಾಕು. ತೆಂಗಿನಕಾಯಿಗೂ ಇದೇ ಮಾತು ಸಲ್ಲುತ್ತದೆ. ವೈಶಾಖದಲ್ಲಿ ಕರಿ ಇಶಾಡ ಮಾವು ಬಂದಾಗ ಯಾರಿಗೂ ಪಥ್ಯ ಹೇಳುವ ಧೈರ್ಯ ನಮಗಿಲ್ಲ; ಅಂಕೋಲೆಯ ಆ ಹಣ್ಣಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆಯೇ ದೊರೆತಿದೆ. ರಸ ಹಿಂಡಿ ಲೋಟಗಟ್ಟಲೆ ಕುಡಿಯುವ ಬದಲು ಹಣ್ಣನ್ನು ತಿಂದು, ಆ ಹೊತ್ತಿನ ಅನ್ನವನ್ನು ಅಷ್ಟಕ್ಕಷ್ಟು ಬಿಟ್ಟರೆ ಸಾಕು. ಶಿವರಾತ್ರಿಯ ಉಪವಾಸಕ್ಕೆ ಸಾಬೂದಾನಿ ಖಿಚಡಿ ಮಾಡುವವರು ಮಾತ್ರ ಒಂದನ್ನು ತಿಳಿದಿರಬೇಕು: ಸಾಬೂದಾನಿ ಎಂಬುದು ಹೆಚ್ಚುಕಡಿಮೆ ಶುದ್ಧ ಪಿಷ್ಟ. ಅನ್ನಕ್ಕಿಂತ ಅದು ಹಗುರವಲ್ಲ.

ಯಾರು ತಾವಾಗಿ ತೊಡಗಬಾರದು

ಈ ಭಾಗವನ್ನು ಅವಸರದಲ್ಲಿ ದಾಟಬೇಡಿರೆಂದು ವಿನಂತಿ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮುಂತಾದ ಗುಳಿಗೆ ನುಂಗುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಅರ್ಧಮಾಡಲೂ ಕೂಡದು. ಆ ಔಷಧಿಯ ಪ್ರಮಾಣವನ್ನು ನೀವು ಇದುವರೆಗೆ ಉಣ್ಣುತ್ತಿದ್ದ ಅನ್ನಕ್ಕೆ ಸರಿಯಾಗಿ ಗೊತ್ತುಮಾಡಿರುತ್ತಾರೆ. ಅನ್ನ ಇಳಿದು ಔಷಧಿ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಗಲಿಬಿಲಿ, ಕೊನೆಗೆ ಪ್ರಜ್ಞೆ ತಪ್ಪುವುದು ಸಂಭವಿಸಬಹುದು. ಅನ್ನ ತಗ್ಗಿಸುವ ದಿನವೇ ಗುಳಿಗೆಯೂ ತಗ್ಗಬೇಕು, ಅದನ್ನು ತಗ್ಗಿಸುವವರು ವೈದ್ಯರೇ ಆಗಿರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆ ಸೇವಿಸುವವರಿಗೆ ಅಪಾಯ ಬೇರೆ ಬಗೆಯದು: ಪಿಷ್ಟವನ್ನು ಪೂರ್ಣ ನಿಲ್ಲಿಸಿದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗಬಹುದು. ಅದರಲ್ಲಿಯೂ ಸಕ್ಕರೆಯ ಪರೀಕ್ಷೆ ಸಾಮಾನ್ಯವಾಗಿಯೇ ಕಾಣುವುದರಿಂದ ರೋಗ ಗೊತ್ತಾಗದೆ ಹೋಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಗರ್ಭಿಣಿಯರು, ಹಾಲೂಡುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆಯುಳ್ಳವರು ಈ ದಾರಿಗೆ ಬರಬೇಕಾಗಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಆರಂಭಿಸುವ ಮುನ್ನ ಒಮ್ಮೆ ಮಾಡಿಸಿಕೊಳ್ಳಿರಿ. ತೂಕ ಇಳಿಸುವ ಅಗತ್ಯವಿದೆಯೇ ಎಂಬುದನ್ನು ತಿಳಿಯಲು ತಕ್ಕಡಿಗಿಂತ ಟೇಪು ಉತ್ತಮ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ತಲುಪಿದ್ದರೆ ಅಗತ್ಯವಿದೆ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಮನೆಯವರೆಲ್ಲ ಉಂಡ ಮೇಲೆ ಕೊನೆಗೆ ಕೂರುವ ತಾಯಿಯ ಪಾಲಿಗೆ ಪಲ್ಯ ತೀರಿರುತ್ತದೆ, ಅನ್ನ ಉಳಿದಿರುತ್ತದೆ. ಪ್ರಸಾದವನ್ನು ಚೆಲ್ಲಬಾರದೆಂಬ ಭಾವದಿಂದ ಆಕೆ ಬೇಡದ ಆ ಅನ್ನವನ್ನೂ ಉಣ್ಣುತ್ತಾಳೆ. ಆಕೆಯ ಭಾವ ಪೂಜ್ಯವಾದದ್ದು. ಆದರೆ ಪ್ರಸಾದದ ಗೌರವವನ್ನು ಒಬ್ಬಳ ಶರೀರದ ಮೇಲೆ ಹೊರಿಸುವುದು ಯಾವ ನ್ಯಾಯ? ಅಕ್ಕಿ ಅಳೆಯುವ ಪಾವನ್ನು ಬೆಳಿಗ್ಗೆಯೇ ಚಿಕ್ಕದು ಮಾಡಿಕೊಂಡರೆ ರಾತ್ರಿ ಉಳಿಯುವುದೇ ಇಲ್ಲ. ಕಾಳಿನ ಪಲ್ಯದಲ್ಲಿ ಆಕೆಯ ಪಾಲನ್ನು ಮೊದಲೇ ತೆಗೆದಿರಿಸಿದರೆ ಇನ್ನೂ ಒಳ್ಳೆಯದು. ದಾಸೋಹದ ಪಂಕ್ತಿಯಲ್ಲಿ ಕೂರುವವರೂ ಬಡಿಸುವವರ ಕೈ ತಡೆಯಲು ಸಂಕೋಚಪಡಬೇಕಾಗಿಲ್ಲ. ಎಡೆಯಲ್ಲಿ ಬಿದ್ದದ್ದನ್ನು ಬಿಡುವಂತಿಲ್ಲವಾದ್ದರಿಂದ ಬೀಳುವ ಮುನ್ನವೇ ಸಾಕೆನ್ನಬೇಕು. ಬಡಿಸುವ ಸೇವೆಯಲ್ಲಿರುವ ಭಕ್ತರಲ್ಲಿ ನಮ್ಮದೊಂದು ಕೋರಿಕೆ: ಎರಡನೆಯ ಸಲ ಅನ್ನದ ಬುಟ್ಟಿಯನ್ನು ತರುವ ಮೊದಲು ಪಲ್ಯ ಮತ್ತು ಕೋಸಂಬರಿಯ ಪಾತ್ರೆಗಳನ್ನು ಒಮ್ಮೆ ಪಂಕ್ತಿಯ ಕೊನೆಯವರೆಗೂ ಒಯ್ಯಿರಿ.